ಬಾಗಿಲು ಒಡೆದವನಿಗೆ ವಿಳಂಬ ಶುಲ್ಕ ಕಟ್ಟಬೇಕೆಂದವರಿಗೆ

ಬಾಡಿಗೆ ವ್ಯಾಜ್ಯಗಳನ್ನು ತೀರ್ಮಾನಿಸುವ ಪೀಠದಲ್ಲಿ ಕುಳಿತಿರುವ ಮಾನ್ಯರೇ,

ಕಬ್ಬಿಣದ ಸರಳಿನಿಂದ ನನ್ನ ತಂಗಿಯ ಮಣಿಕಟ್ಟು ಮುರಿದ ಮನುಷ್ಯನಿಗೆ ನಾವು ಕರಾರಿನ ಉಳಿದ ತಿಂಗಳುಗಳ ಬಾಡಿಗೆಯನ್ನು ಕೊಡಬೇಕು, ತಡವಾದದ್ದಕ್ಕೆ ವಿಳಂಬ ಶುಲ್ಕವನ್ನೂ ಸೇರಿಸಬೇಕು, ಆತನೇ ಒಡೆದ ಬಾಗಿಲನ್ನು ನಮ್ಮ ಖರ್ಚಿನಲ್ಲಿ ಸರಿಪಡಿಸಬೇಕು ಎಂದು ತಾವು ಆದೇಶಿಸಿದ್ದೀರಿ. ಜೀವಮಾನವಿಡೀ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದಿದವಳು ನಾನು. ತಲೆಬುಡವಿಲ್ಲದ ಬರಹ ನನಗೆ ಹೊಸದಲ್ಲ. ಆದರೆ ಆ ಮಕ್ಕಳಲ್ಲಿ ಒಂದು ಮರ್ಯಾದೆಯಿತ್ತು: ಉತ್ತರ ಗೊತ್ತಿಲ್ಲದಿದ್ದರೆ ಜಾಗವನ್ನು ಖಾಲಿ ಬಿಡುತ್ತಿದ್ದರು.

‘ಬಾಡಿಗೆದಾರರು ಸ್ವ ಇಚ್ಛೆಯಿಂದ, ಮುನ್ಸೂಚನೆ ನೀಡದೆ, ಅವಧಿಗೆ ಮೊದಲೇ ಮನೆ ಬಿಟ್ಟಿದ್ದಾರೆ’ ಎಂದು ಬರೆದಿದ್ದೀರಿ. ಸಂಧಿ ತಪ್ಪಿಸಿದ್ದನ್ನು ಕ್ಷಮಿಸಿದ್ದೇನೆ, ಸುಳ್ಳನ್ನು ಕ್ಷಮಿಸಲಾರೆ. ನಮ್ಮ ಇಚ್ಛೆ ಎಂಥದ್ದಾಗಿತ್ತು ಎಂಬುದನ್ನು ಕೇಳಿಸಿಕೊಳ್ಳಿ. ಕೆಳಗಿನ ಎರಡು ಕೋಣೆ ನಮ್ಮವು. ಮುಂದಿನದರಲ್ಲಿ ತಂಗಿ ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಮೇಲಿನ ಮಹಡಿಯಲ್ಲಿ ಮಾಲೀಕ, ಆತನ ಹೆಂಡತಿ. ಸಂಜೆಯಾದರೆ ಮೇಲಿನಿಂದ ಮೊದಲು ಪಾತ್ರೆ ಬೀಳುವ ಸದ್ದು, ಆಮೇಲೆ ಆಕೆ ಬೀಳುವ ಸದ್ದು. ಒಂದು ಸಂಜೆ ಆಕೆ ಬರಿಗಾಲಿನಲ್ಲಿ ಮೆಟ್ಟಿಲಿಳಿದು ಓಡಿಬಂದರು. ತುಟಿ ಸೀಳಿ ಗಲ್ಲದ ಮೇಲೆ ರಕ್ತ ಇಳಿಯುತ್ತಿತ್ತು. “ಬಾಗ್ಲು ಹಾಕಿ, ಬಾಗ್ಲು ಹಾಕಿ” ಎಂಬುದೊಂದೇ ಮಾತು. ತಂಗಿ ಅವರನ್ನು ಒಳಗೆಳೆದುಕೊಂಡು ಚಿಲಕ ಹಾಕಿದಳು.

ಹಿಂದೆಯೇ ಮಾಲೀಕ ಬಂದ. “ಏಯ್, ತೆಗೀರೇ! ನನ್ನ ಹೆಂಡ್ತಿ, ನನ್ನ ಮನೆ, ನನ್ನ ಬಾಗ್ಲು. ನಡುವೆ ನೀವ್ಯಾರೇ?”

ನನ್ನ ತಂಗಿ ಬಾಯಿ ಕಟ್ಟಿಕೊಂಡು ಇರುವವಳಲ್ಲ. “ಬಾಡಿಗೆ ಕೊಡೋರು ನಾವು. ಕರಾರು ಮುಗಿಯೋವರ್ಗೂ ಬಾಗ್ಲು ನಮ್ದು!” ಎಂದು ಒಳಗಿನಿಂದಲೇ ಕೂಗಿದಳು.

ಉತ್ತರ ಸರಳಿನಿಂದ ಬಂತು. ಎರಡನೆಯ ಏಟಿಗೆ ಹಲಗೆ ಸೀಳಿತು. ಬಿರುಕಿನಿಂದ ಒಳನುಗ್ಗಿದ ಸರಳು ಚಿಲಕವನ್ನು ಒತ್ತಿ ಹಿಡಿದಿದ್ದ ಅವಳ ಕೈಮೇಲೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಆ ಶಬ್ದ ನನ್ನ ಕಿವಿಯಿಂದ ಹೋಗಿಲ್ಲ, ಹೋಗುವುದೂ ಇಲ್ಲ. ಬಾಗಿಲು ತೆರೆದುಕೊಂಡಿತು. ಹೊಲಿಗೆ ಯಂತ್ರ ಉರುಳಿತು. ಮಧ್ಯೆ ಹೋದ ನನ್ನನ್ನು ಮಾಲೀಕ ಗೋಡೆಗೆ ಅಪ್ಪಳಿಸಿ, ಹೆಂಡತಿಯ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಎಳೆದೊಯ್ದ. ಪ್ರತಿ ಮೆಟ್ಟಿಲಿಗೂ ಆಕೆಯ ಮೊಣಕಾಲು ತಾಗುತ್ತಿತ್ತು. ನಾವು ಸೀಳಿದ ಬಾಗಿಲಿಗೆ ಬೀಗ ಸಿಕ್ಕಿಸಿ ಆಸ್ಪತ್ರೆಗೆ ಹೋದೆವು, ಆ ರಾತ್ರಿಯಿಂದ ಬೇರೆಡೆ ಉಳಿದೆವು. ಠಾಣೆಯಲ್ಲಿ ದೂರು ಬರೆದುಕೊಂಡವರು, “ಗಂಡ ಹೆಂಡ್ತಿ ಜಗಳದಲ್ಲಿ ನೀವ್ಯಾಕೆ ಕೈ ಹಾಕಿದ್ರಿ?” ಎಂದರು. ಕೈ ಹಾಕಿದ್ದು ನಿಜ. ಆ ಕೈ ಈಗಲೂ ನೆಟ್ಟಗಾಗಿಲ್ಲ.

ಮಾನ್ಯರೇ, ಮನೆ ಬಿಡಲು ಒಂದು ತಿಂಗಳ ಮುನ್ಸೂಚನೆ ಬೇಕೆನ್ನುತ್ತೀರಲ್ಲ, ಸರಳು ಎತ್ತಲು ಎಷ್ಟು ದಿನದ ಮುನ್ಸೂಚನೆ ಬೇಕು? ಅದು ಯಾವ ಕಲಮಿನಲ್ಲಿದೆ?

ಇನ್ನು ಕೀಲಿಕೈಯ ವಿಷಯ. ಅದನ್ನು ಮಾಲೀಕನ ಕೈಗೇ ಒಪ್ಪಿಸಿ ರಸೀದಿ ಪಡೆಯಬೇಕೆಂದು ಕರಾರಿನಲ್ಲಿದೆ. “ಗೇಟಿನೊಳಗೆ ಎಸೆದು ಹೋಗ್ಬಿಡಿ ಟೀಚರ್, ಪೀಡೆ ಕಳೀತು” ಎಂದರು ಪಕ್ಕದ ಅಂಗಡಿಯವರು. ಎಸೆಯುವುದು ನನ್ನ ಜಾಯಮಾನವಲ್ಲ. ಬರೆದದ್ದನ್ನು ಬರೆದಂತೆಯೇ ನಡೆಸಬೇಕೆಂದು ನಂಬಿದವಳು, ರಸೀದಿಯ ಕಾಗದವನ್ನೂ ನಾನೇ ಬರೆದುಕೊಂಡು ಹೋದೆ. ಮಾಲೀಕ ನನ್ನ ಬೆರಳುಗಳನ್ನು ಕೀಲಿಕೈಯ ಸುತ್ತ ಮಡಿಸಿ ಹಿಂಡಿದ. “ಇಟ್ಕೋ ಅಜ್ಜಿ. ಕೀಲಿ ನಿನ್ಹತ್ರ ಇರೋವರೆಗೂ ಬಾಡಿಗೆ ಓಡ್ತಾ ಇರುತ್ತೆ” ಎಂದು ಮೆಟ್ಟಿಲಿನಿಂದ ತಳ್ಳಿದ. ಕಾನೂನನ್ನು ಆತ ಎಲ್ಲಿ ಕಲಿತನೋ ತಿಳಿಯದು. ತಮ್ಮ ಆದೇಶದಲ್ಲಿ ಅದೇ ವಾಕ್ಯ, ಕೊಂಚ ಗೌರವದ ಉಡುಪು ತೊಟ್ಟು, ಕಾಣಿಸಿಕೊಂಡಿದೆ.

ವಿಚಾರಣೆಯ ದಿನ ತಾವು ಕಡತದಿಂದ ತಲೆಯೆತ್ತದೆ, “ಬಾಗ್ಲು ಒಡೆದ್ರು, ಸರಿ. ನೋಟಿಸ್ ಎಲ್ಲಿ ಟೀಚರಮ್ಮ?” ಎಂದಿರಿ. ತಂಗಿ ಬ್ಯಾಂಡೇಜಿನ ಕೈ ಎತ್ತಿ, “ಬರೆಯೋ ಕೈನೇ ಮುರಿದಿತ್ತು ಸಾರ್” ಎಂದಳು. “ಅಕ್ಕನ ಕೈ ಚೆನ್ನಾಗಿತ್ತಲ್ಲ?” ಎಂದು ತಾವು ನಕ್ಕಿರಿ. ಗುಮಾಸ್ತರೂ ನಕ್ಕರು. ಅಕ್ಕನ ಕೈ ಚೆನ್ನಾಗಿಯೇ ಇದೆ ಎಂಬುದಕ್ಕೆ ಈ ಪತ್ರವೇ ಸಾಕ್ಷಿ.

ತಮ್ಮ ತೀರ್ಪಿನ ಸಾರ ಇಷ್ಟು: ಮುನ್ಸೂಚನೆ ಇಲ್ಲ, ಕೀಲಿಕೈ ಒಪ್ಪಿಸಿಲ್ಲ, ಆದ್ದರಿಂದ ಕರಾರು ಜೀವಂತವಾಗಿದೆ, ಮನೆ ಇನ್ನೂ ನಮ್ಮ ಸ್ವಾಧೀನದಲ್ಲಿದೆ. ಒಳ್ಳೆಯದು. ನಾನು ವಿಧೇಯ ನಾಗರಿಕಳು. ನಮ್ಮ ಮನೆ ಎಂದಮೇಲೆ ನಾವು ಅದರಲ್ಲಿರಬೇಡವೇ? ಇಂದು ಬೆಳಿಗ್ಗೆ ಮಾಲೀಕ ಹೊರಗೆ ಹೋಗಿದ್ದ ವೇಳೆ, ತಾವು ನಮ್ಮದೆಂದು ಸಾರಿದ ಕೀಲಿಕೈಯಿಂದಲೇ ಬೀಗ ತೆರೆದು ಒಳಹೊಕ್ಕೆವು. ಬಾಗಿಲನ್ನು ನಾವೇ ಸರಿಪಡಿಸಬೇಕೆಂದು ಅಪ್ಪಣೆ ಕೊಡಿಸಿದ್ದಿರಿ, ಸರಿಪಡಿಸಿದ್ದೇವೆ. ಈ ಸಲ ಕಬ್ಬಿಣದ್ದು. ವೆಲ್ಡಿಂಗ್ ಮುಗಿಯುವ ಹೊತ್ತಿಗೆ ಮೇಲಿನಾಕೆ ಬಟ್ಟೆಗಂಟು ಹಿಡಿದು ತಾವಾಗಿಯೇ ಇಳಿದುಬಂದರು. “ನನ್ನ ವಿಷಯಾನೂ ಬರೀರಿ ಮೇಡಂ, ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ” ಎಂದರು. ಕರಾರಿನಲ್ಲಿ ಅತಿಥಿಗಳಿಗೆ ನಿಷೇಧವಿಲ್ಲ. ಪ್ರತಿ ಸಾಲನ್ನೂ ಓದಿದ್ದೇನೆ.

ಈ ಸಾಲುಗಳನ್ನು ಬರೆಯುತ್ತಿರುವಾಗ ಹೊರಗಿನಿಂದ ಅದೇ ಸರಳು ಬಾಗಿಲಿನ ಮೇಲೆ ಬೀಳುತ್ತಿದೆ. ಅಕ್ಷರ ಅಲ್ಲಲ್ಲಿ ಕದಲಿದ್ದರೆ ಕಾರಣ ಅದು, ವಯಸ್ಸಲ್ಲ. ಠಾಣೆಗೆ ಎರಡು ಸಲ ಫೋನ್ ಮಾಡಿದೆವು. “ಬರ್ತಾ ಇದಾರೆ” ಎನ್ನುತ್ತಾರೆ. “ಒಳಗೆ ಬರ್ಬೇಕೇನ್ರೀ? ಒಂದು ತಿಂಗ್ಳು ಮುಂಚೆ ನೋಟಿಸ್ ಕೊಡಿ!” ಎಂದು ತಂಗಿ ಕೂಗಿದಳು. ಮೂಲೆಯಲ್ಲಿ ಕುಳಿತ ಆಕೆ ಮತ್ತೆ ಒಡೆದಿದ್ದ ತುಟಿಗೆ ಅಂಗೈ ಒತ್ತಿಕೊಂಡು ನಕ್ಕರು. ಆಕೆ ನಕ್ಕದ್ದನ್ನು ನಾವು ಕಂಡದ್ದು ಇದೇ ಮೊದಲು.

ಆದ್ದರಿಂದ ಮಾನ್ಯರೇ, ಎರಡರಲ್ಲೊಂದನ್ನು ಮಾಡಿ. ಮನೆ ನಮ್ಮದಲ್ಲವೆಂದರೆ ಬಾಡಿಗೆ, ವಿಳಂಬ ಶುಲ್ಕ, ಬಾಗಿಲಿನ ಖರ್ಚು ಎಲ್ಲವನ್ನೂ ಆದೇಶದಿಂದ ಹೊಡೆದುಹಾಕಿ, ನಾವು ಮೂವರೂ ಜೀವಸಹಿತ ಹೊರಬರುವ ದಾರಿ ಮಾಡಿಕೊಡಿ. ಮನೆ ನಮ್ಮದೇ ಎಂದರೆ ತಮ್ಮ ಆದೇಶವನ್ನು ಕೈಯಲ್ಲಿ ಹಿಡಿದು, ಪೊಲೀಸರೊಡನೆ ಇಂದೇ ಬಂದು ಈ ಹೊಸ್ತಿಲಿನ ಮುಂದೆ ನಿಂತು ಆತನಿಗೆ ಅದನ್ನು ಓದಿ ಹೇಳಿ. ಈ ಪತ್ರವನ್ನು ಹಿಂದಿನ ಕಿಟಕಿಯ ಕಂಬಿಗಳ ನಡುವಿನಿಂದ ಪಕ್ಕದ ಅಂಗಡಿಯವರ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಬಾಗಿಲಿನ ಮೇಲ್ಗಡೆಯ ಕೀಲು ಈಗಷ್ಟೇ ಸಡಿಲವಾಯಿತು. ತಡಮಾಡಬೇಡಿ, ವಿಳಂಬಕ್ಕೆ ಇಲ್ಲಿ ಶುಲ್ಕ ವಸೂಲಾಗುವುದು ಹಣದಲ್ಲಲ್ಲ, ಮೂಳೆಯಲ್ಲಿ.

ಇಂತಿ,
ತಮ್ಮ ಆದೇಶದಂತೆ ಇನ್ನೂ ಬಾಡಿಗೆದಾರಳಾಗಿಯೇ ಉಳಿದಿರುವ,
ಸದ್ಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿರುವ
ಒಬ್ಬ ನಿವೃತ್ತ ಶಿಕ್ಷಕಿ