ಓದು ಬಾರದ ಜೇನು ಟೀಚರ್

ಅರಂತೋಡು
೧೨-೧೧-೧೯೮೧

ಜೇನು ತರಬೇತಿ ಅಧಿಕಾರಿಯವರಿಗೆ ಸೀತು ಮಾಡುವ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಓದು ಬಾರದವಳು ಊರಿನ ಹೆಂಗಸರಿಗೆ ಜೇನು ಸಾಕಲು ಕಲಿಸಬಾರದಂತೆ. ನನ್ನ ಬದಲಿಗೆ ನೀವು ಕಳಿಸಿದ ಸರ್ಟಿಫಿಕೇಟಿನ ಪ್ರೇಮನಾಥರು ನಿನ್ನೆ ಸೆಂಟು ಹಾಕಿಕೊಂಡು ಬಂದು ಪೆಟ್ಟಿಗೆ ತೆರೆದರು. ಸೆಂಟಿನ ವಾಸನೆಗೆ ಜೇನುನೊಣಗಳು ರೇಗಿ ಮೈಗೆ ಮುತ್ತುತ್ತವೆ ಎಂದು ನನ್ನ ಹತ್ತಿರ ಕಲಿಯುವ ಹೆಂಗಸರಿಗೆಲ್ಲ ಗೊತ್ತುಂಟು. ಪ್ರೇಮನಾಥರಿಗೆ ಗೊತ್ತಿರಲಿಲ್ಲ.

ಕಲಿಸುವುದು ನಾನು ನಿಲ್ಲಿಸುವುದಿಲ್ಲ. ಸಹಾಯ ಮಾಡುವ ಮನಸ್ಸಿದ್ದರೆ ಆರು ಖಾಲಿ ಪೆಟ್ಟಿಗೆ ಕಳಿಸಿ, ಭಾಷಣ ಬೇಡ. ಬಾವು ಇಳಿದ ಮೇಲೆ ಪ್ರೇಮನಾಥರನ್ನೂ ಕಳಿಸಿ, ಸೆಂಟು ಹಾಕದೆ ಬರಲಿ, ಕಲಿಸುತ್ತೇನೆ.

ಇದನ್ನು ಬರೆದವಳು ನನ್ನ ಶಿಷ್ಯೆ ಊರ್ಮಿಳಾ. ಕೆಳಗಿನ ಹೆಬ್ಬೆಟ್ಟು ನನ್ನದೇ. ದಪ್ಪ ಕಂಡರೆ ಸಂಶಯ ಬೇಡ, ನಿಮ್ಮವರ ಕುತ್ತಿಗೆಯಿಂದ ನೊಣ ಬಿಡಿಸುವಾಗ ಊದಿದ್ದು.

ಇತಿ,
ಸೀತು