ಟಿಲ್ಲಿಯ ಗುಂಡಿಗೆ

ನ್ಯೂ ಮೆಕ್ಸಿಕೊ
ಸೋಮವಾರ, ಮಾರ್ಚ್ 9

ವೆಂಡೆಲ್,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನೀನು ಮನೆ ಬಿಟ್ಟು ಹೋದ ಸಿಟ್ಟು ಎರಡು ವರ್ಷದಲ್ಲಿ ಆರಿತ್ತು. ಇವತ್ತು ಪ್ರಯೋಗಾಲಯದ ಫಲಕದಲ್ಲಿ ನಿನ್ನ ಸಹಿ ನೋಡಿ ಮತ್ತೆ ಹೊತ್ತಿಕೊಂಡಿದೆ.

‘ಟಿಲ್ಲಿ, ಹೆಣ್ಣು ಚಿಂಪಾಂಜಿ, ವಯಸ್ಸು ನಲವತ್ತೊಂದು. ಹೃದಯ ದುರ್ಬಲ. ಪ್ರಯಾಣ ತಾಳಲಾರಳು.’ ಇಷ್ಟು ಬರೆದು ಕೈ ತೊಳೆದುಕೊಂಡೆಯಾ, ಡಾಕ್ಟರೇ? ಗುರುವಾರದ ಲಾರಿಯಲ್ಲಿ ಅವಳ ಜೊತೆಗಾರ ರೂಫಸ್ ಒಬ್ಬನೇ ಲೂಸಿಯಾನಾದ ಚಿಂಪಾಂಜಿ ಆಶ್ರಯಧಾಮಕ್ಕೆ ಹೋಗುತ್ತಾನೆ. ಹದಿನೆಂಟು ವರ್ಷ ಒಬ್ಬರ ಮೈಯ ಹೇನು ಒಬ್ಬರು ಹೆಕ್ಕಿಕೊಂಡು ಬದುಕಿದ ಜೋಡಿ ಅದು. ಅವನಿಗೆ ಮರ, ಇವಳಿಗೆ ಇದೇ ಸಿಮೆಂಟು ನೆಲ.

ಪ್ರಯೋಗಕ್ಕೆಂದು ಲಿವರಿನ ಚೂರು ತೆಗೆಯಲು ಇಪ್ಪತ್ತಾರು ಸಲ ಅವಳಿಗೆ ಮಂಪರು ಬರಿಸಿದಿರಿ. ಪ್ರತಿ ಸಲವೂ ‘ತಾಳಬಲ್ಲಳು’ ಎಂದು ಸಹಿ ಹಾಕಿದವನು ನೀನೇ. ಕತ್ತಿ ಬರುವಾಗ ಗಟ್ಟಿಯಾಗಿದ್ದ ಗುಂಡಿಗೆ ಕಾಡಿಗೆ ಹೋಗುವಾಗ ದುರ್ಬಲವಾಯಿತೇ?

ಮಧ್ಯಾಹ್ನ ಫೋನಿನಲ್ಲಿ ಏನೆಂದೆ? ‘ಕೊನ್ಸುಯೆಲೊ, ನನ್ನ ಕಿವಿಗೆ ಕೇಳಿದ್ದನ್ನೇ ಬರ್ದಿದೀನಿ ಕಣೆ. ಕುದುರೆ ಓಡ್ದಂಗೆ ಓಡ್ತಿತ್ತು ಅವಳೆದೆ. ದಾರೀಲಿ ಸತ್ರೆ ಯಾರು ಹೊಣೆ?’ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೀನು ಮೊದಲಿನಿಂದಲೂ ಹೀಗೇ. ಬೋನು ತೊಳೆಯುವ ಯುಸೇಬಿಯೊ ಕೂಡ ಟೊರ್ಟಿಯಾ ರೊಟ್ಟಿ ಜಗಿಯುತ್ತಾ, ‘ಸಾಯೋ ಕಾಲಕ್ಕೆ ಕಾಡ್ಯಾಕೆ ತಾಯಿ? ಇಲ್ಲೇ ಹಾಯಾಗವ್ಳೆ ಬಿಡು’ ಅಂದ. ‘ಹಂಗಾದ್ರೆ ನೀನೂ ರಿಟೈರಾದ ಮೇಲೆ ಈ ಬೋನಲ್ಲೇ ಹಾಯಾಗಿರು’ ಅಂದೆ. 

ಆಮೇಲೆ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ನಿನ್ನ ಕಾರಿನ ಗಾಜಿಗೆ ಸಿಕ್ಕಿಸಿ ಹೋಗುತ್ತೇನೆ. ನಾಳೆ ಬೆಳಿಗ್ಗೆ ಬಾ. ಪರೀಕ್ಷೆಗೆಂದು ಬೋನಿನ ಜಾಲರಿಗೆ ಎದೆಯೊತ್ತಿ ನಿಲ್ಲುವುದನ್ನು ಅವಳಿಗೆ ಕಲಿಸಿದ್ದು ನಾನು, ಒಂದೊಂದೇ ದ್ರಾಕ್ಷಿ ಕೊಟ್ಟು, ಎಂಟು ತಿಂಗಳು. ನಾನು ಪಕ್ಕದಲ್ಲಿರುತ್ತೇನೆ. ಇನ್ನೊಮ್ಮೆ ಸ್ಟೆತೊಸ್ಕೋಪು ಇಟ್ಟು ಕೇಳು. ಆಮೇಲೂ ಅದನ್ನೇ ಬರೆಯುವುದಾದರೆ ನನ್ನ ಮುಖ ನೋಡಿಕೊಂಡು ಬರೆ.

ಇನ್ನೂ ನಿನ್ನ ಮನೆತನದ ಹೆಸರು ಹೊತ್ತಿರುವ
ಕೊನ್ಸುಯೆಲೊ

ವಿ.ಸೂ.: ಹೋದ ಬುಧವಾರ ನೀನು ಅವಳನ್ನು ಪರೀಕ್ಷಿಸಿದ ದಿನ ನಾನು ಜ್ವರವೆಂದು ರಜೆ ಹಾಕಿದ್ದೆ. ಜ್ವರ ಇರಲಿಲ್ಲ. ನಾನಿಲ್ಲದೆ ಬಿಳಿ ಕೋಟು ಹತ್ತಿರ ಬಂದರೆ ಅವಳು ಹೆದರಿ ಕಿರುಚುತ್ತಾಳೆಂದು, ಎದೆ ಹಾಗೆ ಓಡುತ್ತದೆಂದು ನನಗೆ ಗೊತ್ತಿತ್ತು. ಅವಳೂ ಹೋದರೆ ನನಗೆ ಯಾರಿದ್ದಾರೆ ಅನ್ನಿಸಿತ್ತು. ಪ್ರಯಾಣದ ಪೆಟ್ಟಿಗೆಯ ಅಭ್ಯಾಸವಾಗಲಿ ಎಂದು ಶನಿವಾರದಿಂದ ರೂಫಸ್‌ನನ್ನು ಬೇರೆ ಇಟ್ಟಿದ್ದಾರೆ. ಅವತ್ತಿನಿಂದ ಟಿಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದಾಳೆ.