ಮೊದಲು ಯಾರಿಗೆ ಹೇಳ್ತೀರಾ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ, ಮುದ್ದಿನ, ಲೋಕಕ್ಕೆಲ್ಲ ಒಬ್ಬಳೇ ಒಬ್ಬಳಾದ ನನ್ನ ಅಮ್ಮನಿಗೆ,

ದಿನಾ ಫೋನಿನಲ್ಲಿ ಕಿವಿ ತೂತು ಬೀಳುವಷ್ಟು ಮಾತಾಡುವ ಇವಳಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತಾ ನೀನು ಕನ್ನಡಕ ಹುಡುಕುತ್ತಿರಬಹುದು. ಫ್ರಿಜ್ಜಿನ ಮೇಲಿರುತ್ತದೆ, ನೋಡು. ನನ್ನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದವಳು ನೀನೇ, ಆದ್ದರಿಂದ ನನ್ನ ಕೋಳಿಕಾಲು ಅಕ್ಷರಕ್ಕೆ ಬೈಯುವ ಹಾಗಿಲ್ಲ. ಇನ್ನೊಂದು ಷರತ್ತು, ಇದನ್ನು ಕೊನೆಯವರೆಗೂ ಓದಬೇಕು. ಮಾತು ನಿನ್ನ ಕಡೆಗೆ ತಿರುಗಿದ ಕೂಡಲೇ 'ಬಸ್ಸು ಬಂತು, ಇಡ್ತೀನಿ' ಎಂದು ಫೋನ್ ಇಡುತ್ತೀಯಲ್ಲ, ಆ ಆಟ ಕಾಗದದ ಮುಂದೆ ನಡೆಯುವುದಿಲ್ಲ.

ಅಳದೆ ಬರೆಯಬೇಕು ಎಂದು ನಿಶ್ಚಯಿಸಿದ್ದೇನೆ. ಆದ್ದರಿಂದ ಮೊದಲು ಸಂತೋಷದ ಸುದ್ದಿ.

ನಿನ್ನ ಅಳಿಯ ತುಂಬಾ ತುಂಬಾ ತುಂಬಾ ಒಳ್ಳೆಯವರು. ಬೆಳಿಗ್ಗೆ ನನಗಿಂತ ಮೊದಲು ಎದ್ದು ಟೀ ಮಾಡಿ ತಂದುಕೊಡುತ್ತಾರೆ. ಸಕ್ಕರೆ ಹಾಕುವುದನ್ನು ಮರೆತಿರುತ್ತಾರೆ. ನಾನು 'ಸೂಪರ್' ಎಂದು ಕುಡಿಯುವುದನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ನೋಡುತ್ತಾ ನಿಲ್ಲುತ್ತಾರೆ. ಅಂಗಡಿಗೆ ಹೋಗಿ ಅರ್ಧ ಗಂಟೆಯಾಗುವಷ್ಟರಲ್ಲಿ 'ಏನ್ ಮಾಡ್ತಿದೀಯ' ಎಂದು ಫೋನ್ ಮಾಡುತ್ತಾರೆ. ಹಿಂದಿನಿಂದ ಮಾವ 'ಮೊದಲು ಆ ಬೀಗ ತೆಗೀಯೋ, ಆಮೇಲೆ ಪ್ರೇಮ' ಎಂದು ಕೂಗುವುದು ಕೇಳಿಸುತ್ತದೆ. ಅಪ್ಪ ಮಗ ಇಬ್ಬರೂ ಊರಿನ ಬೀಗಗಳನ್ನೆಲ್ಲ ತೆಗೆಯುತ್ತಾರೆ, ಮನೆಯ ಬೀಗದ ಕೈ ಮಾತ್ರ ವಾರಕ್ಕೊಮ್ಮೆ ಕಳೆದುಕೊಳ್ಳುತ್ತಾರೆ. ಅತ್ತೆ ಅದನ್ನು ಹೇಳಿ ಹೇಳಿ ನಗುತ್ತಾರೆ.

ಈಗ ಸಿಸ್ಟರ್ ವಿಷಯ. ಅತ್ತೆಯ ಊರಿನ ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸು ಮನೆಮನೆಗೆ ಬರುತ್ತಾರೆ. ಬರೀ ರೋಗಿಯನ್ನಲ್ಲ, ಇಡೀ ಸಂಸಾರವನ್ನು ನೋಡುವುದು ಅವರ ಕೆಲಸ. ಅವರು ಬರುತ್ತಾರೆಂದು ಅತ್ತೆ ಹಿಂದಿನ ದಿನವೇ ಕಿಟಕಿಯ ಸರಳುಗಳನ್ನೂ ತೊಳೆಸಿದರು. ಬಂದವರು ಕಿಟಕಿಯ ಕಡೆ ತಿರುಗಿಯೂ ನೋಡದೆ ನೇರವಾಗಿ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದರು. ಕುಡಿಯುವ ನೀರು ಎಲ್ಲಿಂದ, ಕಾಯಿಸುತ್ತೀರಾ, ಕೊನೆಗೆ ಊಟಕ್ಕೆ ಕೂರುವವರು ಯಾರು, ಅವರಿಗೆ ಏನು ಉಳಿದಿರುತ್ತದೆ, ಎಲ್ಲ ಕೇಳಿದರು. ಆಮೇಲೆ ಟೇಪು ತೆಗೆದು ಮಾವನ ಹೊಟ್ಟೆಗೆ ಸುತ್ತಿದರು. ಮಾವ ಉಸಿರು ಒಳಗೆಳೆದು ಕಂಬದ ಹಾಗೆ ನಿಂತುಬಿಟ್ಟರು. ಸಿಸ್ಟರ್ ಸ್ವಲ್ಪ ಹೊತ್ತು ಕಾದು, 'ಉಸಿರು ಬಿಡಿ ಯಜಮಾನ್ರೆ, ನಾನೇನು ನಿಮ್ಮನ್ನ ಪೊಲೀಸ್ ಕೆಲಸಕ್ಕೆ ಆರಿಸ್ತಿಲ್ಲ' ಎಂದರು. ಟೇಪು ಸರಸರನೆ ಜಾರಿತು. ನಗು ತಡೆಯಲಾರದೆ ನಾನು ಒಳಗೆ ಓಡಿದೆ.

ಆಕೆ ಬೈಯುವುದೇ ಇಲ್ಲ ಅಮ್ಮ. ಅದು ನನಗೆ ತುಂಬಾ ಇಷ್ಟವಾಯಿತು. ಮಾವನ ಬಿಪಿ ಏರಿದೆ ಎಂದು ತಿಳಿದ ಮೇಲೂ ಇದು ಬಿಡಿ ಅದು ಬಿಡಿ ಎನ್ನಲಿಲ್ಲ. 'ಈ ವಾರ ನಿಮ್ಮ ಕೈಲಾಗೋ ಒಂದೇ ಒಂದು ಕೆಲಸ ಹೇಳಿ. ನಾನು ಹೇಳಲ್ಲ, ನೀವೇ ಹೇಳಿ' ಎಂದು ಸುಮ್ಮನೆ ಕೂತರು. ಮಾವ ತುಂಬಾ ಯೋಚಿಸಿ, ಊಟದ ಮೇಜಿನ ಮೇಲಿನ ಉಪ್ಪಿನ ಬಟ್ಟಲು ಎತ್ತಿಡಬಹುದು ಎಂದರು. ಎತ್ತಿಡುವವಳು ನಾನಲ್ಲವಾ ಎಂದರು ಅತ್ತೆ. ಕೊನೆಗೆ ಮಾವನೇ ಎದ್ದು, ದೇಶ ಬಿಟ್ಟುಕೊಡುವವರ ಹಾಗೆ ಆ ಬಟ್ಟಲನ್ನು ಒಳಗಿಟ್ಟು ಬಂದರು. ಇವರು ಸ್ಕೂಟರ್ ಬಿಟ್ಟು ಅಂಗಡಿಗೆ ನಡೆದೇ ಹೋಗುತ್ತೇನೆ ಎಂದರು. ಹೋಗುತ್ತಿದ್ದಾರೆ ಕೂಡ.

ಆಮೇಲೆ ಸಿಸ್ಟರ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು. 'ಮೈಗೆ ಏನಾದ್ರೂ ಆದ್ರೆ ಮೊದಲು ಯಾರಿಗೆ ಹೇಳ್ತೀರಾ?'

ಮಾವ ಅತ್ತೆಯನ್ನು ತೋರಿಸಿ, 'ಇವಳಿಗೆ. ಹೇಳದಿದ್ರೂ ಕಂಡುಹಿಡೀತಾಳೆ' ಎಂದರು. ಅತ್ತೆ ಮಗನಿಗೆ ಎಂದರು. ನಿನ್ನ ಅಳಿಯ ನನ್ನ ಕಡೆ ನೋಡಿ 'ಇವಳಿಗೆ' ಎನ್ನುವಾಗ ಕಿವಿ ಎಷ್ಟು ಕೆಂಪಾಗಿತ್ತು ಗೊತ್ತಾ. ನನ್ನ ಸರದಿ ಬಂತು. ಯೋಚನೆಯನ್ನೇ ಮಾಡದೆ 'ನಮ್ಮಮ್ಮನಿಗೆ' ಎಂದೆ. ಅತ್ತೆ, 'ನಾಲ್ಕು ತಿಂಗಳಿಂದ ಕೈತುತ್ತು ಹಾಕಿದ್ದೆಲ್ಲ ನೀರಲ್ಲಿ ಹೋಯ್ತು' ಎಂದು ಸುಳ್ಳು ಸುಳ್ಳೇ ಮುಖ ಊದಿಸಿದರು. ಎಲ್ಲರೂ ನಕ್ಕೆವು. ಸಿಸ್ಟರ್ ಕೂಡ ನಕ್ಕರು. ನಗುತ್ತಲೇ ಕೇಳಿದರು, 'ಮತ್ತೆ ನಿಮ್ಮಮ್ಮ? ಅವರು ಯಾರಿಗೆ ಹೇಳ್ತಾರೆ?'

'ನಮ್ಮಮ್ಮನಿಗೆ ಏನೂ ಆಗಲ್ಲ ಸಿಸ್ಟರ್' ಎಂದುಬಿಟ್ಟೆ.

ಅವರು ಹೂಂ ಎಂದರು, ಅಷ್ಟೇ. ಆದರೆ ನನಗೆ ಆ ಪ್ರಶ್ನೆ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತು. ಅಪ್ಪ ಹೋದಾಗ ನಾನು ನಡೆಯಲು ಕಲಿಯುತ್ತಿದ್ದೆ. ನನಗೆ ನೀನು, ನಿನಗೆ ನಾನು. ಬಸ್ ಸ್ಟ್ಯಾಂಡಿನ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡಿದೆ ಎಂದು ಊರಿಗೆಲ್ಲ ಹೇಳುವವಳು ನೀನು. ನಿನ್ನ ದನಿ ಕೇಳಿಸದ ಅಂಗಡಿ ಆ ಬೀದಿಯಲ್ಲಿಲ್ಲ. ಆದರೆ ಮನೆಗೆ ಬಂದರೆ ಮಾತೆಲ್ಲ ನನ್ನದೇ. ಶಾಲೆ, ಗೆಳತಿಯರು, ಮೊಡವೆ, ಆಮೇಲೆ ಇವರು. ರೇಡಿಯೋ ಎಂದು ನನಗೆ ಹೆಸರಿಟ್ಟವಳು ನೀನು. ರೇಡಿಯೋ ಹಾಡುತ್ತಿರುವಾಗ ಪಕ್ಕದಲ್ಲಿ ಕೂತವರು ಏನು ಹೇಳಿಯಾರು?

ಆ ದಿನವೇ, ಗಂಡಸರು ಅಂಗಡಿಗೆ ಹೊರಟ ಮೇಲೆ, ಸಿಸ್ಟರ್ ನನ್ನನ್ನೂ ಅತ್ತೆಯನ್ನೂ ಕೋಣೆಗೆ ಕರೆದು ಬಾಗಿಲು ಹಾಕಿದರು. ಹೆಂಗಸರು ತಮ್ಮ ಎದೆಯನ್ನು ತಾವೇ ಪರೀಕ್ಷಿಸಿಕೊಳ್ಳುವುದು ಹೇಗೆ ಎಂದು ತೋರಿಸಿದರು. ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯ ಬೆರಳು ಚಪ್ಪಟೆಯಾಗಿ ಇಟ್ಟು, ಕಂಕುಳಿನಿಂದ ಶುರುಮಾಡಿ ಮೆಲ್ಲಗೆ ಸುತ್ತು ಸುತ್ತು ಒತ್ತುತ್ತಾ ಬರಬೇಕಂತೆ. 'ಬೆರಳ ತುದಿ ಅಲ್ಲ, ಮೆತ್ತಗಿನ ಭಾಗ' ಎಂದು ತಿದ್ದಿದರು. 'ಈ ವಯಸ್ಸಲ್ಲಿ ನನಗೆ ಇದೊಂದು ಡ್ಯಾನ್ಸ್ ಬಾಕಿಯಿತ್ತು' ಎಂದರು ಅತ್ತೆ. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ನಗು ಅರ್ಧಕ್ಕೇ ನಿಂತಿತು ಅಮ್ಮ. ಆ ಕೈಯನ್ನು ನಾನು ನೋಡಿದ್ದೆ.

ಮದುವೆಗೆ ಮೊದಲಿನ ಆ ಇಡೀ ವರ್ಷ, ಸಂಜೆಯ ವಾರ್ತೆ ನೋಡುತ್ತಾ ನೀನು ಬಲಗೈಯನ್ನು ಎಡ ಕಂಕುಳಿಗೆ ಸೇರಿಸಿ ಹೀಗೇ ಸುತ್ತು ಸುತ್ತು ಒತ್ತಿಕೊಳ್ಳುತ್ತಿದ್ದೆ. ಏನದು ಎಂದು ಕೇಳಿದ್ದಕ್ಕೆ 'ಬ್ಲೌಸಿನ ಹೊಲಿಗೆ ಚುಚ್ತಿದೆ ಕಣೆ' ಎಂದಿದ್ದೆ. ನಾನು ನಿನ್ನ ಮಗಳಲ್ಲವಾ, ಮರುದಿನವೇ ಗೋಡೆಯಾಚೆಯ ಟೈಲರ್ ಆಂಟಿಯ ಬಳಿ ಹೋಗಿ ಜಗಳ ತೆಗೆದಿದ್ದೆ. ನಿಮಗೆ ಕಣ್ಣು ಕಾಣಲ್ವಾ, ಅಮ್ಮನಿಗೆ ಚುಚ್ಚುತ್ತಂತೆ, ಬಿಚ್ಚಿ ಸರಿಯಾಗಿ ಹೊಲೀರಿ ಎಂದು, ಗಿರಾಕಿಗಳ ಎದುರಿಗೇ. ಯಾರಿಗೂ ಒಂದು ಮಾತು ಬಿಟ್ಟುಕೊಡದ ಆಂಟಿ ಅವತ್ತು ತಲೆ ತಗ್ಗಿಸಿ, 'ಆಯ್ತು ಕಣೆ, ಸಡಿಲ ಮಾಡಿಕೊಡ್ತೀನಿ' ಎಂದಿದ್ದರು. ಎಂಥ ಜಯ ಎಂದು ಬೀಗಿಕೊಂಡು ಬಂದಿದ್ದೆ.

ಸಿಸ್ಟರ್ ಹೋದ ಮೇಲೆ ನಿನಗೆ ಫೋನ್ ಮಾಡಿದೆ, ನೆನಪಿದೆಯಾ? ಹುಷಾರಾಗಿದೀಯಾ ಎಂದೆ. 'ನನಗೇನಾಗಿದೆ, ಕಲ್ಲುಗುಂಡು' ಎಂದೆ ನೀನು. ಎಡಗೈ ಹೇಗಿದೆ ಎಂದೆ.  ಕೂಡಲೇ ನೀನು, ಪ್ಲಾಟ್‌ಫಾರ್ಮಿಗೆ ಬಸ್ಸು ಬಂತು, ಮೈಕ್ ಹಿಡೀಬೇಕು, ಇಡ್ತೀನಿ ಎಂದೆ. ಅಮ್ಮ, ನಿನ್ನ ಹಿಂದೆ ಬಸ್ಸಿನ ಸದ್ದಿರಲಿಲ್ಲ. ಹಾರ್ನಿಲ್ಲ, ಜನರಿಲ್ಲ. ನಮ್ಮ ಗೋಡೆಯಾಚೆಯ ಹೊಲಿಗೆ ಮೆಷಿನ್ನು ಕಟಕಟ ಎನ್ನುತ್ತಿತ್ತು. ಆ ಸದ್ದಿನಲ್ಲಿ ಬೆಳೆದವಳು ನಾನು. ಕೆಲಸದ ಹೊತ್ತಿನಲ್ಲಿ ನೀನು ಮನೆಯಲ್ಲಿ ಮಲಗಿದ್ದೆ.

ತಕ್ಷಣ ಟೈಲರ್ ಆಂಟಿಗೆ ಫೋನ್ ಮಾಡಿದೆ. ಅವರ ಮೇಲೆ ಸಿಟ್ಟು ಮಾಡಬೇಡ. 'ನಾನು ಬಾಯಿ ಬಿಡಲ್ಲ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಿದೀನಿ' ಎಂದರು. ಆಮೇಲೆ ಅವರೇ, 'ನೀನು ಕೇಳು. ಸುಳ್ಳಾಗಿದ್ರೆ ಮಾತ್ರ ಇಲ್ಲ ಅಂತೀನಿ' ಎಂದರು.

ಎಡಗಡೆಯಾ ಎಂದು ಕೇಳಿದೆ. ಆಂಟಿ ಸುಮ್ಮನಿದ್ದರು. ಅಳತೆ ತೆಗೆಯುವಾಗ ನಿಮಗೇ ಮೊದಲು ಗೊತ್ತಾಯಿತಾ ಎಂದೆ. ಸುಮ್ಮನಿದ್ದರು. ನನ್ನ ಮದುವೆಗೂ ಮುಂಚೆಯೇ ಡಾಕ್ಟರಿಗೆ ತೋರಿಸಿದ್ದಳಾ? ಆಪರೇಷನ್ ಬೇಗ ಆಗಬೇಕು ಎಂದಿದ್ದರಾ? ನನಗೋಸ್ಕರ ಮುಂದೆ ಹಾಕಿದಳಾ? ಒಂದಕ್ಕೂ ಅವರು ಮಾತಾಡಲಿಲ್ಲ, ಮೂಗು ಎಳೆದುಕೊಳ್ಳುವುದು ಮಾತ್ರ ಕೇಳಿಸುತ್ತಿತ್ತು. ಕೊನೆಗೆ, ಈಗ ಮಾಡಿಸಿದರೆ ಸರಿಹೋಗುತ್ತಾ ಆಂಟಿ ಎಂದೆ.

'ಇಲ್ಲ ಕಣೆ' ಎಂದರು.

ಕೇಳಿದ ಅಷ್ಟೂ ಪ್ರಶ್ನೆಗಳಲ್ಲಿ ಆಂಟಿ ಇಲ್ಲ ಎಂದದ್ದು ಅದೊಂದಕ್ಕೇ.

ಅಳಬಾರದು ಎಂದು ಮೇಲೆ ಬರೆದಿದ್ದೇನೆ, ನೋಡು. ಇಲ್ಲಿ ಶಾಯಿ ಕದಡಿದ್ದರೆ ಟೀ ಚೆಲ್ಲಿತು ಎಂದುಕೋ.

ಮದುವೆಯ ದಿನ ನಾನು ಹೊರಡುವಾಗ ನೀನು ನನ್ನನ್ನು ಒಂದೇ ಕೈಯಲ್ಲಿ ತಬ್ಬಿಕೊಂಡೆ. ಎಡಗಡೆ ದೊಡ್ಡ ಕೈಚೀಲವನ್ನು ಗುರಾಣಿಯ ಹಾಗೆ ಒತ್ತಿ ಹಿಡಿದಿದ್ದೆ. ಯಾವತ್ತೂ ಎಡಗೈಯಲ್ಲಿರುತ್ತಿದ್ದ ವಾಚು ಅವತ್ತು ಬಲಗೈಯಲ್ಲಿತ್ತು. ಫೋಟೋಗಳಲ್ಲೆಲ್ಲ ಹಾಗೇ ಇದೆ. ಆ ಫೋಟೋಗಳನ್ನು ನಾನು ಎಷ್ಟು ಸಲ ನೋಡಿದೆನೋ, ಪ್ರತಿಸಲವೂ ನನ್ನನ್ನೇ ನೋಡಿಕೊಂಡೆ.

ಇಷ್ಟು ದಿನ ಇದರ ಬಗ್ಗೆ ಮಾತಾಡದೆ ಇದ್ದದ್ದಕ್ಕೆ ಕಾರಣವಿದೆ. ಮೊದಲು ನನಗೆ ನಿನ್ನ ಮೇಲೆ ಭಯಂಕರ ಕೋಪ ಬಂತು. ಬರೀ 'ಊಟ ಆಯ್ತಾ, ಏನ್ ತಿಂದೆ' ಎಂದು ಕೇಳಿ ಫೋನ್ ಇಟ್ಟು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅತ್ತುಬಿಡುತ್ತಿದ್ದೆ. ಈ ವಾರ ಸಿಸ್ಟರ್ ಮತ್ತೆ ಬಂದರು. ಮಾವನ ಬಿಪಿ ಇಳಿದಿದೆ ಎಂದು ಮನೆಯೆಲ್ಲ ಕುಣಿಯುತ್ತಿತ್ತು. ನಾನು ಅವರನ್ನು ಕೋಣೆಗೆ ಕರೆದು ಎಲ್ಲ ಹೇಳಿದೆ. ಹೋಗಿ, ಎಂದರು ಅವರು. 'ಆದ್ರೆ ಯಾಕೆ ಹೇಳಲಿಲ್ಲ ಅಂತ ಕೇಳೋಕೆ ಹೋಗ್ಬೇಡಿ. ಆ ಪ್ರಶ್ನೆಗೆ ಉತ್ತರ ಬಂದ್ರೂ ಇಬ್ಬರಿಗೂ ನೋವೇ. ಈ ವಾರ ನಾವಿಬ್ಬರೂ ಏನು ಮಾಡಬಹುದು ಅಂತ ಕೇಳಿ.' ಆಮೇಲೆ ಊದಿದ ಕೈಯನ್ನು ದಿಂಬಿನ ಮೇಲೆ ಹೇಗೆ ಎತ್ತರಿಸಿಡಬೇಕು, ನೋವಿನ ಮಾತ್ರೆಯನ್ನು ನೋವು ತಡೆಯಲಾರದಷ್ಟು ಆಗುವವರೆಗೆ ಕಾಯದೆ ಡಾಕ್ಟರು ಹೇಳಿದ ಹೊತ್ತಿಗೆ ಹೇಗೆ ಕೊಡಬೇಕು, ಉಸಿರು ಕಟ್ಟಿದಾಗ ಒರಗಿ ಕೂರಿಸುವುದು ಹೇಗೆ, ಎಲ್ಲವನ್ನೂ, ಅತ್ತೆಯನ್ನೂ ಒಳಗೆ ಕರೆದು ವಿಷಯ ತಿಳಿಸಿ, ಅವರನ್ನೇ ಮಲಗಿಸಿ ತೋರಿಸಿಕೊಟ್ಟರು. ಅತ್ತೆ ಈ ಸಲ ಡ್ಯಾನ್ಸು ಗೀನ್ಸು ಎನ್ನಲಿಲ್ಲ. ಎದ್ದವರೇ ನನ್ನ ಬಟ್ಟೆಗಳನ್ನು ಮಡಿಸತೊಡಗಿದರು. 'ನೀನು ನಿಧಾನಕ್ಕೆ ಬಾ. ಇಲ್ಲಿ ಅಡುಗೆ ನಿನ್ನ ಮಾವ ಮಾಡ್ಲಿ, ಹೇಗೂ ಉಪ್ಪು ಹಾಕೋ ಹಾಗಿಲ್ಲ' ಎಂದರು. ನಿನ್ನ ಅಳಿಯ ಅಂಗಡಿಗೆ ನಡೆದು ಹೋಗಿ, ಬರುವಾಗ ಎರಡು ಮೆತ್ತನೆಯ ದಿಂಬು ಹೊತ್ತುಕೊಂಡು ಬಂದರು. ಬೀದಿಯೆಲ್ಲ ನೋಡುತ್ತಿತ್ತಂತೆ.

ಯಾಕೆ ಹೇಳಲಿಲ್ಲ ಎಂದು ನಾನು ಕೇಳುವುದಿಲ್ಲ ಅಮ್ಮ. ನನಗೆ ಗೊತ್ತು. ಹೊಸ ಮನೆಯಲ್ಲಿ ಮಗಳು ನಗುತ್ತಿದ್ದಾಳೆ, ಇನ್ನಷ್ಟು ದಿನ ನಗಲಿ ಎಂದುಕೊಂಡೆ ನೀನು. ನಕ್ಕಿದ್ದೇನೆ, ನಿಜವಾಗಿಯೂ. ನೀನು ಕೊಂಡುಕೊಟ್ಟ ಒಂದು ದಿನವನ್ನೂ ನಾನು ಹಾಳು ಮಾಡಿಲ್ಲ. ಆದರೆ ಇನ್ನು ಸಾಕು. ಈ ವಾರ ನಮ್ಮ ಮನೆಯಲ್ಲಿ ಆಗಬಹುದಾದ ಒಂದೇ ಒಂದು ಕೆಲಸ ಇದು: ಏನಾದರೂ ಆದರೆ ನೀನು ಮೊದಲು ನನಗೆ ಹೇಳುವುದು. ದೊಡ್ಡದೇ ಆಗಬೇಕಿಲ್ಲ. ನೋಯ್ತಿದೆ ಎಂದರೂ ಸಾಕು, ಹೆದರಿಕೆಯಾಗ್ತಿದೆ ಎಂದರೂ ಸಾಕು.

ಎಂದೆಂದಿಗೂ ನಿನ್ನ ಮಡಿಲಿನ,
ರೇಡಿಯೋ

ತಾ. ಕ.: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೀನು ನೋಡಿರುತ್ತೀಯ. ಬಸ್ಸಿನಿಂದ ಇಳಿದಾಗ ಮೈಕಿನಲ್ಲಿ ಬೇರೆ ಯಾರದೋ ದನಿ ಇತ್ತು. ನನಗೆ ನಮ್ಮ ಊರೇ ಹೌದೋ ಅಲ್ಲವೋ ಎನಿಸಿತು. ಎದುರು ಬಂದು ನಿಂತರೆ ನಾನು ಮತ್ತೆ ವಟಗುಟ್ಟುತ್ತೇನೆ, ನೀನು ಮತ್ತೆ ಕಲ್ಲುಗುಂಡು ಎನ್ನುತ್ತೀಯ. ಅದಕ್ಕೇ ಟೈಲರ್ ಆಂಟಿಯ ಮೇಜಿನ ಮುಂದೆ ಕೂತು ಇದನ್ನು ಬರೆದು ಅವರ ಕೈಯಲ್ಲೇ ಕೊಟ್ಟು ಕಳಿಸಿದ್ದೇನೆ. ಮೆಷಿನ್ನಿನ ಸದ್ದು ನಿಂತಿರುವುದು ಕೇಳಿಸುತ್ತಿದೆಯಾ? ಗೋಡೆಯ ಈಚೆ, ದಿಂಬುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಸಡಿಲದ ಬ್ಲೌಸು ಹಾಕಿಕೊಳ್ಳಲು ಏಳಬೇಡ, ಕೈಚೀಲ ಹುಡುಕಬೇಡ. ಗೋಡೆ ತಟ್ಟು, ಬರುತ್ತೇನೆ. ರೇಡಿಯೋ ಆಫ್ ಮಾಡಿದ್ದೇನೆ ಅಮ್ಮ. ಈಗ ನೀನು ಹೇಳು.